ಮರದ ನೆಲವೂ ಅಡ್ವಾನ್ಸ್ ಹಣವೂ

ಇಂದಿರಾನಗರ, ಹಲಸೂರು, ಫ್ರೇಜರ್ ಟೌನ್ ಕಡೆ ಬಾಡಿಗೆ ಮನೆ ಹುಡುಕುತ್ತ ಹೊರಟವರಿಗೆ ಬ್ರೋಕರ್ ಒಪ್ಪಿಸುವ ಪಾಠದಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಸಾಲು ಸೇರಿಕೊಂಡಿದೆ. ಎರಡು ಬೆಡ್‌ರೂಮು, ಕಾವೇರಿ ನೀರು, ಲಿಫ್ಟು, ಕಾರು ನಿಲ್ಲಿಸಲು ಜಾಗ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ತುಸು ತಡೆದು, "ಮಾಸ್ಟರ್ ಬೆಡ್‌ರೂಮಿಗೆ ಹಾರ್ಡ್‌ವುಡ್ ಫ್ಲೋರಿಂಗ್ ಇದೆ ಸಾರ್" ಎನ್ನುತ್ತಾನೆ. ಬಾಗಿಲು ತೆರೆದರೆ ಜೇನುಬಣ್ಣದ ಹಲಗೆಗಳು ಗೋಡೆಯಿಂದ ಗೋಡೆಗೆ ಹಾಸಿಕೊಂಡಿರುತ್ತವೆ. ಮನೆಯಾಕೆಗೆ ಮೆಚ್ಚುಗೆ, ಮಕ್ಕಳಿಗೆ ಸಂಭ್ರಮ. ಅಡ್ವಾನ್ಸ್ ಮಾತು ಅಲ್ಲಿಯೇ ಮುಗಿಯುತ್ತದೆ.

ಕೀಲಿ ಕೊಡುವಾಗ ಮಾಲೀಕರು ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ. "ನೆಲ ಮಾತ್ರ ಸ್ವಲ್ಪ ಜೋಪಾನವಾಗಿ ನೋಡ್ಕೊಳ್ಳಿ. ಬಿಡುವಾಗ ಈಗ ಹೇಗಿದೆಯೋ ಹಾಗೇ ಇರಬೇಕು." ಬಾಡಿಗೆಗೆ ಬಂದವರು "ಆಗಲಿ ಸಾರ್" ಎಂದು ತಲೆಯಾಡಿಸುತ್ತಾರೆ. ಆದರೆ ಈ ಷರತ್ತನ್ನು ಪಾಲಿಸುವುದು ಬಾಡಿಗೆದಾರರಿಗಿರಲಿ, ಸ್ವತಃ ಮಾಲೀಕರು ಬಂದು ವಾಸವಿದ್ದರೂ ಸಾಧ್ಯವಿಲ್ಲ. ಮರ ಇದ್ದಂತೆಯೇ ಇರುವ ವಸ್ತುವಲ್ಲ. ಅದಕ್ಕೆ ಮಾರ್ಚಿನಲ್ಲಿ ಒಂದು ಅಳತೆ, ಆಗಸ್ಟಿನಲ್ಲಿ ಇನ್ನೊಂದು ಅಳತೆ.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವ ರೂಢಿ ಹಳೆಯದು. ಐದಾರು ತಿಂಗಳಿಗೆ ಒಪ್ಪುವವರೂ ಈಗ ಇದ್ದಾರೆ. ಬಾಡಿಗೆ 30,000 ರೂಪಾಯಿ ಎಂದಾದರೆ, ಆರೇ ತಿಂಗಳ ಲೆಕ್ಕ ಹಿಡಿದರೂ 1,80,000 ರೂಪಾಯಿ ಬಡ್ಡಿಯಿಲ್ಲದೆ ಇನ್ನೊಬ್ಬರ ಕೈಯಲ್ಲಿರುತ್ತದೆ. ಸಂಬಳ ನಂಬಿದ ಕುಟುಂಬಕ್ಕೆ ಅದು ಮಗಳ ಕಾಲೇಜಿನ ಫೀಸು, ಇಲ್ಲವೇ ಮುಂದಿನ ಮನೆಗೆ ಕಟ್ಟಬೇಕಾದ ಅಡ್ವಾನ್ಸು. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಎಲ್ಲರೂ ಬಲ್ಲ ಪದ್ಧತಿ. ಮರದ ನೆಲವಿದ್ದರೆ ಅದರ ಕೆಳಗೆ ಇನ್ನೊಂದು ಬಾಬ್ತು ಸೇರುತ್ತದೆ. ಸಂದು ಬಿಟ್ಟಿದೆ, ಹಲಗೆ ಉಬ್ಬಿದೆ, ಕಲೆಯಾಗಿದೆ, ಗೀರು ಬಿದ್ದಿದೆ ಎಂಬ ನಾಲ್ಕು ದೂರುಗಳೂ ಒಂದೇ ಮೊತ್ತದಲ್ಲಿ ಬೆರೆತುಹೋಗುತ್ತವೆ. ಇವುಗಳಲ್ಲಿ ಯಾವುದು ವಾಸವಿದ್ದವರ ಅಜಾಗರೂಕತೆ, ಯಾವುದು ಗಾಳಿಯ ಕೆಲಸ, ಯಾವುದು ಕಟ್ಟಡದ ದೋಷ ಎಂದು ಬಿಡಿಸಿ ಹೇಳಲು ಹೈಸ್ಕೂಲಿನ ವಿಜ್ಞಾನ ಸಾಕು.

ತಲೆಯ ಮೇಲಿದ್ದದ್ದು ಕಾಲಡಿಗೆ

1809ರಲ್ಲಿ ದಂಡು ಪ್ರದೇಶ ನೆಲೆಗೊಂಡ ಮೇಲೆ ಕಟ್ಟಿದ ಬಂಗಲೆಗಳಲ್ಲಿ, 1898ರ ಪ್ಲೇಗಿನ ನಂತರ ಬೆಳೆದ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳ ಮನೆಗಳಲ್ಲಿ ಮರಕ್ಕೇನೂ ಬರವಿರಲಿಲ್ಲ. ಆದರೆ ಅದಿದ್ದದ್ದು ತಲೆಯ ಮೇಲೆ. ಕಿಟಕಿಯ ನೆತ್ತಿಗೆ ಚೂಪುಟೋಪಿ ಇಟ್ಟಂತೆ ಕಾಣುವ 'ಮಂಕಿ ಟಾಪ್' ಮರದ ಪಟ್ಟಿಗಳದು. ಮದರಾಸ್ ಟೆರೇಸ್ ಎಂದು ಕರೆಯುವ ಛಾವಣಿಯಲ್ಲಿ ತೇಗದ ತೊಲೆಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಕಾಲಡಿಯಲ್ಲಿ ಕಲ್ಲುಚಪ್ಪಡಿ ಅಥವಾ ಹೆಂಚು. ಸಿಮೆಂಟ್ ಬಂದ ಮೇಲೆ ರೆಡ್ ಆಕ್ಸೈಡ್ ಬೆರೆಸಿ ಉಜ್ಜಿದ ಕೆಂಪು ನೆಲ. ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಮರದ ನೆಲ ನಮ್ಮ ನಾಡಿಗೆ ಹೊಸತೆಂದಲ್ಲ. ಮಲೆನಾಡು, ಕರಾವಳಿಯ ಹಳೆಯ ಮನೆಗಳ ಉಪ್ಪರಿಗೆಗೆ ಹಲಗೆಯದೇ ನೆಲ. ಆದರೆ ಅಲ್ಲಿ ಹಲಗೆಯ ಮೇಲೂ ಗಾಳಿ, ಕೆಳಗೂ ಗಾಳಿ. ಎರಡು ಮುಖಗಳೂ ಒಟ್ಟಿಗೆ ತೇವ ಹೀರಿ ಒಟ್ಟಿಗೆ ಒಣಗುತ್ತಿದ್ದವು. ಇಂದಿನ ಫ್ಲ್ಯಾಟಿನ ಹಲಗೆಗೆ ಆ ಭಾಗ್ಯವಿಲ್ಲ. ಅದರ ಕೆಳಗೆ ಒಂದು ತೆಳುವಾದ ಫೋಮ್ ಹಾಳೆ, ಅದರ ಕೆಳಗೆ ಕಾಂಕ್ರೀಟ್. ಹೊಸ ಕಟ್ಟಡವಾದರೆ ಆ ಕಾಂಕ್ರೀಟು ತನ್ನೊಳಗಿನ ನೀರನ್ನು ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ. ಹಲಗೆಗೆ ತೆರೆದಿರುವುದು ಮೇಲಿನ ಮುಖ ಮಾತ್ರ. ಮುಂದೆ ಬರುವ ತಂಟೆಗಳಲ್ಲಿ ಅರ್ಧದಷ್ಟು ಇಲ್ಲಿಂದಲೇ ಹುಟ್ಟುತ್ತವೆ.

ಹಾರ್ಡ್‌ವುಡ್ ಎಂದರೆ ಗಟ್ಟಿಮರವೇ?

ಅಲ್ಲ. ಇದು ಸಸ್ಯಶಾಸ್ತ್ರದ ವರ್ಗೀಕರಣ, ಗಟ್ಟಿತನದ ಸರ್ಟಿಫಿಕೇಟ್ ಅಲ್ಲ. ಹೂ ಬಿಟ್ಟು, ಕಾಯಿಯೊಳಗೆ ಬೀಜ ಕಟ್ಟುವ ಅಗಲ ಎಲೆಯ ಮರಗಳೆಲ್ಲ ಹಾರ್ಡ್‌ವುಡ್. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು ಎಲ್ಲವೂ ಈ ಗುಂಪಿನವು. (ಹಲಸೂರಿಗೆ ಹೆಸರು ಬಂದದ್ದು ಹಲಸಿನ ತೋಪಿನಿಂದ ಎಂಬ ಮಾತಿದೆ.) ಪೈನ್, ದೇವದಾರುಗಳಂತೆ ಸೂಜಿ ಎಲೆಯವು ಸಾಫ್ಟ್‌ವುಡ್. ಆಟದ ವಿಮಾನ ಮಾಡಲು ಬಳಸುವ, ಉಗುರಿನಿಂದ ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಕೂಡ ಶಾಸ್ತ್ರದ ಪ್ರಕಾರ ಹಾರ್ಡ್‌ವುಡ್ಡೇ!

ಗಟ್ಟಿತನ ಅಳೆಯಲು ಬೇರೆಯದೇ ಪರೀಕ್ಷೆ ಇದೆ. ಆಸ್ಟ್ರಿಯಾದ ಗೇಬ್ರಿಯಲ್ ಯಾಂಕಾ 1906ರಲ್ಲಿ ರೂಪಿಸಿದ ಕ್ರಮ ಅದು. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಹಲಗೆಯೊಳಗೆ ಅರ್ಧದವರೆಗೆ ಒತ್ತಲು ಎಷ್ಟು ಭಾರ ಬೇಕು ಎಂದು ನೋಡುತ್ತಾರೆ. ತೇಗಕ್ಕೆ ಸುಮಾರು 450 ಕಿಲೋ, ಅಮೆರಿಕದ ಕೆಂಪು ಓಕ್‌ಗೆ ಸುಮಾರು 585 ಕಿಲೋ. ಅಂದರೆ ನಾವು ಮರಗಳ ರಾಜನೆಂದು ಕೊಂಡಾಡುವ ತೇಗ ಗಟ್ಟಿತನದಲ್ಲಿ ಓಕ್‌ಗಿಂತ ಹಿಂದೆ. ಅದರ ಹೆಚ್ಚುಗಾರಿಕೆ ಇರುವುದು ಬೇರೆ ಎರಡು ಕಡೆ. ಒಂದು, ತೇವ ಏರಿಳಿದರೂ ಅದು ಹಿಗ್ಗಿ ಕುಗ್ಗುವುದು ಕಡಿಮೆ. ಇನ್ನೊಂದು, ಅದರ ಚೇಗಿನಲ್ಲಿರುವ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕ ಗೆದ್ದಲಿಗೆ ಆಗದು. ಚೇಗಿನಲ್ಲಿ ಮಾತ್ರ ಎಂಬುದನ್ನು ಗಮನಿಸಬೇಕು. ಹೊರಸುತ್ತಿನ ಬಿಳಿಯ ಭಾಗವನ್ನು ಗೆದ್ದಲು ಬೇರೆ ಮರದಂತೆಯೇ ತಿನ್ನುತ್ತದೆ.

ಒಂದೇ ಹೆಸರು, ಹಲವು ನೆಲ

ಬ್ರೋಕರ್ ಬಾಯಲ್ಲಿ 'ವುಡನ್ ಫ್ಲೋರಿಂಗ್' ಎಂಬ ಒಂದೇ ಹೆಸರಿನಲ್ಲಿ ಕನಿಷ್ಠ ನಾಲ್ಕು ಬಗೆಯ ನೆಲಗಳು ಸೇರಿರುತ್ತವೆ.

ಮೊದಲನೆಯದು ಇಡಿಯಾದ ಮರ. ಸಾಮಾನ್ಯವಾಗಿ 18 ಮಿಲಿಮೀಟರ್ ಆಸುಪಾಸಿನ ದಪ್ಪದ ಹಲಗೆ. ಗೀರು ಬಿದ್ದರೆ ಉಜ್ಜಿ, ಮತ್ತೆ ಪಾಲಿಶ್ ಕೊಡಬಹುದು; ಹೀಗೆ ಹಲವು ಸಲ ಮಾಡಬಹುದು. ಬಾಡಿಗೆಯ ಫ್ಲ್ಯಾಟುಗಳಲ್ಲಿ ಇದು ಅಪರೂಪ.

ಎರಡನೆಯದು ಎಂಜಿನಿಯರ್ಡ್ ವುಡ್. ಕೆಳಗೆ ಪ್ಲೈವುಡ್, ಮೇಲೆ ನಿಜವಾದ ಮರದ ಪದರ. ಮರ ಉದ್ದಕ್ಕೆ ಹಿಗ್ಗುವುದಿಲ್ಲವೆಂದೇ ಹೇಳಬೇಕು, ಹಿಗ್ಗುವುದೇನಿದ್ದರೂ ಅಗಲಕ್ಕೆ. ಪ್ಲೈವುಡ್ಡಿನಲ್ಲಿ ಪದರಗಳನ್ನು ಅಡ್ಡಡ್ಡ ಅಂಟಿಸಿರುವುದರಿಂದ ಒಂದರ ಹಿಗ್ಗುವಿಕೆಯನ್ನು ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಮೇಲಿನ ಪದರ ಮೂರು ನಾಲ್ಕು ಮಿಲಿಮೀಟರ್ ಇದ್ದರೆ ಒಂದೆರಡು ಸಲ ಉಜ್ಜಬಹುದು. ಕಾಗದದಷ್ಟು ತೆಳುವಾಗಿದ್ದರೆ ಒಮ್ಮೆಯೂ ಉಜ್ಜುವಂತಿಲ್ಲ.

ಮೂರನೆಯದು ಲ್ಯಾಮಿನೇಟ್. ನಮ್ಮ ಫ್ಲ್ಯಾಟುಗಳಲ್ಲಿ ಧಾರಾಳವಾಗಿ ಕಾಣುವುದು ಇದೇ. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮರದ ಫೋಟೋ ಅಚ್ಚಾದ ಕಾಗದ, ಅದರ ಮೇಲೆ ಮೆಲಮಿನ್ ರಾಳದ ಪಾರದರ್ಶಕ ಪದರ. 1977ರಲ್ಲಿ ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿ ಕಂಡುಹಿಡಿದದ್ದು. ಮೇಲಿನ ಪದರದಲ್ಲಿ ಅಲ್ಯುಮಿನಿಯಂ ಆಕ್ಸೈಡಿನ ಕಣಗಳನ್ನು ಬೆರೆಸಿರುತ್ತಾರೆ. ಮಾಣಿಕ್ಯ, ನೀಲಮಣಿಗಳೂ ಮೂಲತಃ ಇದೇ ವಸ್ತು. ಕಾಠಿಣ್ಯದಲ್ಲಿ ವಜ್ರಕ್ಕಷ್ಟೇ ಬಿಟ್ಟುಕೊಡುವಂಥದು. ಆದ್ದರಿಂದ ಲ್ಯಾಮಿನೇಟ್‌ಗೆ ಗೀರು ಬೀಳುವುದು ಕಡಿಮೆ, ಆದರೆ ನೀರೇ ಅದರ ಮೃತ್ಯು. ಸಂದಿಯಲ್ಲಿ ನೀರಿಳಿದರೆ ನಾರಿನ ಹಲಗೆ ಊದಿಕೊಳ್ಳುತ್ತದೆ, ಒಣಗಿದ ಮೇಲೂ ಹಳೆಯ ಅಳತೆಗೆ ಮರಳುವುದಿಲ್ಲ. ಇದನ್ನು ಉಜ್ಜುವಂತೆಯೂ ಇಲ್ಲ, ಏಕೆಂದರೆ ಉಜ್ಜಿದರೆ ಅಳಿಸಿಹೋಗುವುದು ಫೋಟೋ.

ನಾಲ್ಕನೆಯದು ಮರವೇ ಅಲ್ಲ. ಮರದ ಚಿತ್ರ ಹೊತ್ತ ವಿನೈಲ್ ಅಥವಾ ವಿಟ್ರಿಫೈಡ್ ಟೈಲು.

ಗುರುತಿಸುವುದು ಕಷ್ಟವಲ್ಲ. ಬರಿಗಾಲಿನಲ್ಲಿ ನಿಂತರೆ ಟೈಲು ತಣ್ಣಗೆ, ಮರ ಬೆಚ್ಚಗೆ. ಎರಡರ ಉಷ್ಣತೆಯೂ ಕೋಣೆಯ ಉಷ್ಣತೆಯೇ. ಆದರೆ ಟೈಲು ಪಾದದ ಶಾಖವನ್ನು ಮರಕ್ಕಿಂತ ಎಷ್ಟೋ ಬೇಗ ಸೆಳೆದುಕೊಳ್ಳುತ್ತದೆ. ಇನ್ನು ಲ್ಯಾಮಿನೇಟ್‌ನ ಗುಟ್ಟು ರಟ್ಟಾಗುವುದು ಚಿತ್ರದ ಪುನರಾವರ್ತನೆಯಿಂದ. ಒಂದು ಹಲಗೆಯ ಮೇಲಿರುವ ಗಂಟನ್ನು ಚೆನ್ನಾಗಿ ನೋಡಿಕೊಂಡು ಕೋಣೆಯೆಲ್ಲ ಹುಡುಕಿದರೆ, ಅದೇ ಗಂಟು, ಅದೇ ಸುಳಿ ಇನ್ನೊಂದು ಹಲಗೆಯ ಮೇಲೆ ಸಿಗುತ್ತದೆ. ನಿಜವಾದ ಮರದಲ್ಲಿ ಒಂದರಂತೆ ಇನ್ನೊಂದು ಹಲಗೆ ಇರುವುದಿಲ್ಲ. ಬಾಲ್ಕನಿಯ ಬಾಗಿಲ ಬಳಿ ಅಂಚುಪಟ್ಟಿ ಸಡಿಲವಾಗಿದ್ದರೆ ಹಲಗೆಯ ಕತ್ತರಿಸಿದ ಮುಖ ಕಾಣಿಸುತ್ತದೆ. ಅಲ್ಲಿ ಪದರಗಳಿವೆಯೇ, ಕಂದು ಬಣ್ಣದ ಒತ್ತಿದ ಹೊಟ್ಟಿನಂತಿದೆಯೇ, ಮರದ ನರಗಳೇ ಮುಂದುವರಿದಿವೆಯೇ ಎಂದು ನೋಡಿದರೆ ಸಂಶಯ ಉಳಿಯದು. ಇಡಿಯಾದ ಮರ ಹೌದು, ಆದರೆ ತೇಗವೇ ಎಂಬ ತಕರಾರು ಬಂದರೆ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಈ ಸಂಸ್ಥೆ ಮರದ ತುಣುಕು ನೋಡಿ ಜಾತಿ ಹೇಳುತ್ತದೆ.

ಗಾಳಿ ಕುಡಿಯುವ ಹಲಗೆ

ಕಡಿದು, ಕೊಯ್ದು, ಪಾಲಿಶ್ ಬಳಿದ ಮೇಲೂ ಮರ ನೀರಿನ ನಂಟು ಬಿಡುವುದಿಲ್ಲ. ಅದರ ಕೋಶಭಿತ್ತಿಗಳು ಗಾಳಿಯ ತೇವವನ್ನು ಹೀರುತ್ತವೆ, ಗಾಳಿ ಒಣಗಿದರೆ ಮರಳಿ ಕೊಡುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದೊಳಗಿನ ನೀರು ಅದರ ಒಣತೂಕದ ಶೇ. 6ರಷ್ಟಕ್ಕೆ ಬಂದು ನಿಲ್ಲುತ್ತದೆ. ಶೇ. 80 ಇದ್ದರೆ ಸುಮಾರು ಶೇ. 16ಕ್ಕೆ ಏರುತ್ತದೆ. ಬೆಂಗಳೂರಿನಲ್ಲಿ ಮಾರ್ಚಿನ ಮಧ್ಯಾಹ್ನಗಳಲ್ಲಿ ಆರ್ದ್ರತೆ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಆಗಸ್ಟಿನ ಬೆಳಗುಗಳಲ್ಲಿ ಶೇ. 80 ದಾಟುತ್ತದೆ. ಹಗಲು ರಾತ್ರಿಯ ಏರಿಳಿತಕ್ಕೆ ಹಲಗೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಪಾಲಿಶ್ ಕೂಡ ಅದರ ಉಸಿರಾಟವನ್ನು ನಿಧಾನಗೊಳಿಸುತ್ತದೆ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಇರುವ ಹವೆಯಿಂದ ಅದು ತಪ್ಪಿಸಿಕೊಳ್ಳಲಾರದು.

ಒಂದು ಲೆಕ್ಕ ಮಾಡಿ ನೋಡೋಣ. ಹಸಿಮರದ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ತೇಗ ವಾರ್ಷಿಕ ಉಂಗುರಗಳ ಗುಂಟ ಶೇ. 5.8ರಷ್ಟು ಕುಗ್ಗುತ್ತದೆ, ಉಂಗುರಗಳಿಗೆ ಅಡ್ಡಲಾಗಿ ಶೇ. 2.5ರಷ್ಟು. ಈ ಕುಗ್ಗುವಿಕೆ ನಡೆಯುವುದು ತೇವಾಂಶ ಸುಮಾರು ಶೇ. 30ರಿಂದ ಸೊನ್ನೆಗೆ ಇಳಿಯುವಾಗ. ಅಂದರೆ ತೇವಾಂಶ ಶೇ. 1ರಷ್ಟು ಇಳಿದರೆ, ಉಂಗುರಗಳ ಗುಂಟ ಕೊಯ್ದ ಹಲಗೆಯ ಅಗಲ ಶೇ. 0.19ರಷ್ಟು ಕಡಿಮೆಯಾಗುತ್ತದೆ. ಮನೆಯೊಳಗಿನ ಹಲಗೆಯ ತೇವಾಂಶ ವರ್ಷದಲ್ಲಿ ಶೇ. 4ರಷ್ಟು ಮಾತ್ರ ಏರಿಳಿಯಿತೆಂದು ಇಟ್ಟುಕೊಳ್ಳಿ. 120 ಮಿಲಿಮೀಟರ್ ಅಗಲದ ಹಲಗೆ ಸುಮಾರು 0.9 ಮಿಲಿಮೀಟರ್ ಕುಗ್ಗುತ್ತದೆ. ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಅಂಥ ಹಲಗೆಗಳು ಸುಮಾರು 30. ಒಟ್ಟು 28 ಮಿಲಿಮೀಟರ್, ಅಂದರೆ ಒಂದು ಅಂಗುಲಕ್ಕೂ ಹೆಚ್ಚು!

ಈ ಒಂದು ಅಂಗುಲ ಎಲ್ಲಿಗೂ ಹೋಗಿರುವುದಿಲ್ಲ. ಬೇಸಿಗೆಯಲ್ಲಿ ಮೂವತ್ತು ಸಂದುಗಳಲ್ಲಿ ಹಂಚಿಕೊಂಡು ಕೂತಿರುತ್ತದೆ. ಮಳೆಗಾಲದಲ್ಲಿ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎಂಜಿನಿಯರ್ಡ್ ಮತ್ತು ಲ್ಯಾಮಿನೇಟ್ ನೆಲಗಳಲ್ಲಿ ಚಲನೆ ಇದಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಆದ್ದರಿಂದಲೇ ಬಲ್ಲ ಕೆಲಸಗಾರರು ನೆಲ ಹಾಸುವಾಗ ನಾಲ್ಕೂ ಗೋಡೆಗಳ ಬುಡದಲ್ಲಿ ಸುಮಾರು ಹತ್ತು ಮಿಲಿಮೀಟರ್ ಜಾಗ ಬಿಟ್ಟು, ಅದು ಕಾಣದಂತೆ ಸ್ಕರ್ಟಿಂಗ್ ಪಟ್ಟಿ ಹೊಡೆಯುತ್ತಾರೆ. ಆ ಜಾಗ ಬಿಡದೆ ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸಿದ್ದರೆ, ಜುಲೈ ಆಗಸ್ಟಿನಲ್ಲಿ ಹಿಗ್ಗಿದ ನೆಲಕ್ಕೆ ಹೋಗಲು ದಾರಿಯಿಲ್ಲದೆ ಕೋಣೆಯ ನಡುವೆ ಗುಡಾರದಂತೆ ಎದ್ದು ನಿಲ್ಲುತ್ತದೆ. ಅದು ಹಾಸಿದವನ ತಪ್ಪು, ವಾಸವಿರುವವರದಲ್ಲ.

ಹಲಗೆ ನುಡಿಯುವ ಸಾಕ್ಷಿ

ಹಲಗೆ ಯಾವ ಆಕಾರದಲ್ಲಿ ಕೆಟ್ಟಿದೆ ಎಂಬುದನ್ನು ನೋಡಿದರೆ ನೀರು ಎಲ್ಲಿಂದ ಬಂತೆಂದು ಬಹುಮಟ್ಟಿಗೆ ಹೇಳಬಹುದು.

ಹಲಗೆಯ ಎರಡೂ ಅಂಚುಗಳು ಮೇಲೆದ್ದು ನಡುವೆ ತಗ್ಗಾಗಿ ದೋಣಿಯಂತೆ ಕಂಡರೆ, ಅದರ ಕೆಳಮುಖ ಮೇಲಿನ ಮುಖಕ್ಕಿಂತ ಹೆಚ್ಚು ತೇವ ಕುಡಿದಿದೆ ಎಂದರ್ಥ. ಕೆಳಮುಖ ಹಿಗ್ಗಿ ಅಂಚುಗಳನ್ನು ಮೇಲಕ್ಕೆ ತಳ್ಳಿರುತ್ತದೆ. ಬಚ್ಚಲುಮನೆಯ ಗೋಡೆಗೆ ಹತ್ತಿರದ ಹಲಗೆಗಳು ಮಾತ್ರ ಹೀಗಾಗಿದ್ದರೆ ಗೋಡೆಯೊಳಗಿನ ಪೈಪು ಅಥವಾ ನೆಲದ ಜಲನಿರೋಧಕ ಪದರದ ಮೇಲೆ ಅನುಮಾನ ಪಡಬೇಕು. ಹೊರಗೋಡೆಯ ಬದಿಯಲ್ಲಾದರೆ ಮಳೆನೀರಿನ ಸೋರಿಕೆ. ಇಡೀ ಕೋಣೆಗೆ ಕೋಣೆಯೇ ಹೀಗಾಗಿದ್ದರೆ ಕಾಂಕ್ರೀಟು ಒಣಗುವ ಮೊದಲೇ ಆತುರದಲ್ಲಿ ನೆಲ ಹಾಸಿರಬಹುದು. ಇವೆಲ್ಲ ಕಟ್ಟಡದ ಕಾಯಿಲೆಗಳು.

ಇದಕ್ಕೆ ಪ್ರತಿಯಾಗಿ ನಡು ಉಬ್ಬಿ ಅಂಚುಗಳು ತಗ್ಗಿದ್ದರೆ ನೀರು ಮೇಲಿನಿಂದ ಬಿದ್ದಿದೆ. ಹೂಕುಂಡದ ಕೆಳಗೆ, ಕಿಟಕಿಯ ಬಳಿ, ದಿನವೂ ಒದ್ದೆಬಟ್ಟೆ ಎಳೆದಾಡಿದ ಜಾಗದಲ್ಲಿ ಇದು ಕಾಣುತ್ತದೆ. ಇಲ್ಲಿ ಬಾಡಿಗೆದಾರರು ಜವಾಬ್ದಾರಿ ಒಪ್ಪಿಕೊಳ್ಳಬೇಕಾಗುತ್ತದೆ. ಎ.ಸಿ. ಹಗಲಿರುಳು ಓಡುವ ಕೋಣೆಯಲ್ಲಿ ಮೇಲ್ಮುಖ ಬೇಗ ಒಣಗಿ ಕುಗ್ಗಿದರೂ ದೋಣಿಯಾಕಾರ ಬರುವುದುಂಟು. ಆದರೆ ಆಗ ಸಂದುಗಳು ಅಗಲವಾಗಿರುತ್ತವೆ. ಕೆಳಗಿನ ತೇವದಿಂದಾದರೆ ಸಂದುಗಳು ಬಿಗಿಯಾಗಿರುತ್ತವೆ.

ಲ್ಯಾಮಿನೇಟ್‌ನಲ್ಲಿ ದೋಣಿ, ಉಬ್ಬುಗಳ ಬದಲು ಸಂದಿಯ ಎರಡೂ ಬದಿ ಗೆರೆ ಎದ್ದಂತೆ ಊದಿಕೊಳ್ಳುತ್ತದೆ. ಕೋಣೆಯ ಎಲ್ಲ ಸಂದುಗಳಲ್ಲೂ ಸಮನಾಗಿ ಎದ್ದಿದ್ದರೆ ನೀರು ಸುರಿದು ಒರೆಸಿದ್ದಾರೆಂದು ತಿಳಿಯಬಹುದು. ಒಂದು ಗೋಡೆಯ ಬದಿಗೆ ಮಾತ್ರ ಎದ್ದಿದ್ದರೆ ಮತ್ತೆ ಸೋರಿಕೆಯನ್ನೇ ಹುಡುಕಬೇಕು.

ಗೀರು, ಕುಳಿ, ಕಪ್ಪು ಕಲೆ

ಬೆಂಗಳೂರಿನ ಧೂಳಿನಲ್ಲಿ ಕಲ್ಲು ಸವೆದು ಉಳಿದ ಬೆಣಚುಕಲ್ಲಿನ ಕಣಗಳಿರುತ್ತವೆ. ಕಾಠಿಣ್ಯದ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಸ್ಥಾನ 7. ಮರದ ಪಾಲಿಶ್ ಅದರ ಮುಂದೆ ಬೆಣ್ಣೆಯಿದ್ದಂತೆ. ಅಲ್ಯುಮಿನಿಯಂ ಆಕ್ಸೈಡಿನ ಸ್ಥಾನ 9 ಆದ್ದರಿಂದ ಲ್ಯಾಮಿನೇಟ್ ತಡೆದುಕೊಳ್ಳುತ್ತದೆ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವ ನಮ್ಮ ಪದ್ಧತಿಗಿಂತ ಒಳ್ಳೆಯ ರಕ್ಷಣೆ ಮರದ ನೆಲಕ್ಕೆ ಇನ್ನೊಂದಿಲ್ಲ.

ಕುಳಿ ಬೀಳುವುದು ಒತ್ತಡದಿಂದ. ಒತ್ತಡವೆಂದರೆ ಭಾರವನ್ನು ಅದು ಕೂತ ಜಾಗದಿಂದ ಭಾಗಿಸಿದ್ದು ಎಂದು ಎಲ್ಲರೂ ಶಾಲೆಯಲ್ಲಿ ಕಲಿತಿರುತ್ತಾರೆ. 4,000 ಕಿಲೋ ತೂಕದ ಆನೆಯ ನಾಲ್ಕು ಪಾದಗಳು ಸೇರಿ 4,000 ಚದರ ಸೆಂಟಿಮೀಟರ್ ಜಾಗ ಹಿಡಿದರೆ ಒತ್ತಡ ಚದರ ಸೆಂಟಿಮೀಟರಿಗೆ ಒಂದೇ ಕಿಲೋ. 60 ಕಿಲೋ ತೂಕದ ಹೆಣ್ಣುಮಗಳು ಒಂದು ಚದರ ಸೆಂಟಿಮೀಟರಿನ ಚೂಪು ಹಿಮ್ಮಡಿಯ ಮೇಲೆ ಭಾರ ಊರಿದರೆ 60 ಕಿಲೋ! ಬಟ್ಟೆ, ಪಾತ್ರೆ ತುಂಬಿ 200 ಕಿಲೋ ತೂಗುವ ಬೀರು ನಾಲ್ಕು ಚದರ ಸೆಂಟಿಮೀಟರಿನ ನಾಲ್ಕು ಕಾಲುಗಳ ಮೇಲೆ ನಿಂತರೆ ಹನ್ನೆರಡೂವರೆ ಕಿಲೋ, ಅದೂ ವರ್ಷವಿಡೀ. ಪ್ರತಿ ಕಾಲಿನ ಕೆಳಗೂ ಅಂಗೈಯಗಲದ ಪ್ಲೈವುಡ್ ತುಂಡು, ಅದರಡಿಗೆ ದಪ್ಪ ಬಟ್ಟೆ ಇಟ್ಟರೆ ಈ ಒತ್ತಡ ಎಷ್ಟೋ ಪಾಲು ಇಳಿಯುತ್ತದೆ. ತೆಂಗಿನಕಾಯಿ ಒಡೆಯುವುದು, ಕುಟ್ಟಾಣಿಯಲ್ಲಿ ಕುಟ್ಟುವುದು ಅಡುಗೆಮನೆಯ ಕಲ್ಲಿನ ಮೇಲೆಯೇ ಆಗಲಿ.

ಇನ್ನು ಕಪ್ಪು ಕಲೆ. ತೇಗ, ಓಕ್‌ನಂಥ ಮರಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಒದ್ದೆಯಾದ ಕಬ್ಬಿಣದ ಕುರ್ಚಿಯ ಕಾಲು ಅದರ ಮೇಲೆ ಒಂದು ರಾತ್ರಿ ನಿಂತರೆ ಕಬ್ಬಿಣವೂ ಟ್ಯಾನಿನ್ನೂ ಕೂಡಿ ನೀಲಿಗಪ್ಪು ಕಲೆಯಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣದ ಲವಣ ಬೆರೆಸಿ ಮಸಿ ತಯಾರಿಸುತ್ತಿದ್ದುದು ಇದೇ ರಸಾಯನದಿಂದ. ಒರೆಸಿದರೆ ಹೋಗದು, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹಾಕಿದರೆ ಪಾಲಿಶ್ ಕೂಡ ಹೋಗುತ್ತದೆ. ಆಕ್ಸಾಲಿಕ್ ಆಮ್ಲದಿಂದ ತೆಗೆಯಬಹುದು, ಆದರೆ ಅದು ವಿಷವಾದ್ದರಿಂದ ಪಾಲಿಶ್ ಕೆಲಸ ಬಲ್ಲವರಿಗೇ ಬಿಡುವುದು ಮೇಲು. ದೀಪದ ಎಣ್ಣೆ, ಕುಂಡದ ನೀರು, ರಂಗೋಲಿಗೆ ಮುಂಚೆ ಚಿಮುಕಿಸುವ ನೀರು ಇವಕ್ಕೆಲ್ಲ ಕೆಳಗೊಂದು ತಟ್ಟೆ ಅಥವಾ ಮಣೆ ಇದ್ದರೆ ಸಾಕು. ನೆಲ ಒರೆಸುವ ಬಟ್ಟೆಯನ್ನು ಹನಿ ಬೀಳದಷ್ಟು ಹಿಂಡಿಕೊಳ್ಳಬೇಕೆಂದು ಕೆಲಸಕ್ಕೆ ಬರುವಾಕೆಗೆ ಮೊದಲ ದಿನವೇ ತೋರಿಸಿಕೊಡಬೇಕು.

ಜಮಖಾನ ತೆಗೆದಾಗ ಅದರಡಿಯ ಬಣ್ಣವೇ ಬೇರೆಯಾಗಿ ಕಂಡರೆ ಹೆದರಬೇಕಾಗಿಲ್ಲ. ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಮರದ ಲಿಗ್ನಿನ್ ಅನ್ನು ಒಡೆದು ಬಣ್ಣ ಬದಲಿಸುತ್ತವೆ. ಅದು ಸೂರ್ಯನ ಕೆಲಸ.

ಕಾನೂನು ಏನನ್ನುತ್ತದೆ?

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂದಾಗ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ವ್ಯಾಪ್ತಿಯ ಹೊರಗಿಟ್ಟಿತು. ಮರದ ನೆಲದ ಫ್ಲ್ಯಾಟು ಆ ಮಿತಿಯೊಳಗೆ ಸಿಗುವ ಮಾತಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡವೆನ್ನುತ್ತದೆ. ಆದರೆ ಅದು ಮಾದರಿಯಷ್ಟೇ, ಆಯಾ ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಹಾಗಾಗಿ ಉಳಿಯುವುದು ಎರಡು: ಎರಡೂ ಕಡೆಯವರು ಸಹಿ ಮಾಡಿದ ಅಗ್ರಿಮೆಂಟು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ.

ಈ ಹಳೆಯ ಕಾಯ್ದೆಯ 108ನೇ ಕಲಮು ಬಾಡಿಗೆದಾರ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕೆನ್ನುತ್ತದೆ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಸಹಜವಾದ ಸವಕಳಿಯಿಂದ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗಳನ್ನು ಹೊರತುಪಡಿಸಿ ಎಂದೂ ಸೇರಿಸುತ್ತದೆ. ಅಗ್ರಿಮೆಂಟಿನಲ್ಲಿ ಬೇರೆ ರೀತಿ ಬರೆದಿದ್ದರೆ ಆ ಬರಹವೇ ನಡೆಯುವುದರಿಂದ, "ಇದ್ದ ಹಾಗೆಯೇ ಕೊಡತಕ್ಕದ್ದು" ಎಂಬ ಸಾಲಿನ ಮುಂದೆ "ಸಹಜ ಸವಕಳಿ ಮತ್ತು ಹವೆಯಿಂದಾಗುವ ಬದಲಾವಣೆ ಬಿಟ್ಟು" ಎಂದು ಬರೆಸಿಕೊಳ್ಳುವುದು ಜಾಣತನ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ಆ ಖರ್ಚು ತಪ್ಪಿಸಲು ಅಗ್ರಿಮೆಂಟುಗಳನ್ನು ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಮಕ್ಕಳಿರುವ ಕುಟುಂಬಗಳು ಮನೆ ಬದಲಿಸುವುದು ಶಾಲೆ ಶುರುವಾಗುವ ಹೊತ್ತಿಗೆ. ಜೂನ್ 1ಕ್ಕೆ ಬಂದವರ ಹನ್ನೊಂದು ತಿಂಗಳು ಮುಗಿಯುವುದು ಏಪ್ರಿಲ್ 30ಕ್ಕೆ. ಬರುವಾಗ ಮುಂಗಾರು ಕಾಲಿಟ್ಟಿರುತ್ತದೆ, ಹಲಗೆಗಳು ಹಿಗ್ಗಿ ಸಂದುಗಳು ಮುಚ್ಚಿಕೊಳ್ಳತೊಡಗಿರುತ್ತವೆ. ಬಿಡುವಾಗ ಮೂರು ತಿಂಗಳ ಒಣಹವೆ ಕಳೆದಿರುತ್ತದೆ, ಸಂದುಗಳು ಬಾಯಿಬಿಟ್ಟಿರುತ್ತವೆ. "ನೀವು ಬಂದಾಗ ಹೀಗಿತ್ತೇನ್ರೀ?" ಎಂದು ಮಾಲೀಕರು ಕೇಳಿದರೆ "ಇರಲಿಲ್ಲ" ಎಂಬುದೇ ನಿಜವಾದ ಉತ್ತರ. ಆ ಉತ್ತರದಿಂದಲೇ ಬಾಡಿಗೆದಾರರ ದುಡ್ಡು ಹೋಗುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ತಪ್ಪು ಮಾಡಿಲ್ಲ. ಎರಡು ಬೇರೆ ಬೇರೆ ಋತುಗಳ ನೆಲವನ್ನು ಒಂದಕ್ಕೊಂದು ಹೋಲಿಸಲಾಗಿದೆ, ಅಷ್ಟೇ.

ಕೀಲಿ ಪಡೆಯುವ ದಿನ

ಇದಕ್ಕೆ ಪರಿಹಾರ ವಕೀಲರ ಹತ್ತಿರವಿಲ್ಲ, ಒಂದು ಹಾಳೆ ಕಾಗದದಲ್ಲಿದೆ. ಸಾಮಾನು ಇಳಿಸುವ ಮೊದಲು ಮಾಲೀಕರೂ ಬಾಡಿಗೆದಾರರೂ ಖಾಲಿ ಕೋಣೆಯಲ್ಲಿ ಅರ್ಧ ಗಂಟೆ ಕಳೆಯಬೇಕು. ನೆಲ ಯಾವ ಬಗೆಯದು, ಹಾಸಿ ಎಷ್ಟು ವರ್ಷವಾಯಿತು ಎಂದು ಬರೆಯಬೇಕು. ಇರುವ ಗೀರು, ಕುಳಿ, ಕಲೆಗಳ ಫೋಟೋಗಳನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ದಿನಾಂಕ ಸಹಿತ ತೆಗೆಯಬೇಕು. ಸಂದು ಅಳೆಯಲು ಬೇರೆ ಉಪಕರಣ ಬೇಡ. ಬ್ಯಾಂಕಿನ ಎ.ಟಿ.ಎಂ. ಕಾರ್ಡಿನ ದಪ್ಪ ಎಲ್ಲೆಡೆಯೂ 0.76 ಮಿಲಿಮೀಟರ್. ಕಾರ್ಡು ಸಂದಿಯಲ್ಲಿ ಇಳಿಯುತ್ತದೆಯೇ ಇಲ್ಲವೇ ಎಂದು ಕೋಣೆಯ ಐದಾರು ಕಡೆ ನೋಡಿ, ತಿಂಗಳ ಹೆಸರಿನೊಂದಿಗೆ ಬರೆದಿಟ್ಟರಾಯಿತು. ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಅದೇ ಜಾಗಗಳಲ್ಲಿ ಮತ್ತೆ ನೋಡಬೇಕು. ಮಳೆಗಾಲದಲ್ಲಿ ಇಳಿಯದ ಕಾರ್ಡು ಬೇಸಿಗೆಯಲ್ಲಿ ಕೋಣೆಯ ಎಲ್ಲ ಕಡೆ ಇಳಿದರೆ ಅದು ಹವೆ. ಒಂದೇ ಕಡೆ ಇಳಿದರೆ ಅಲ್ಲೇನೋ ಆಗಿದೆ. ಹಲಗೆ ದೋಣಿಯಾಗತೊಡಗಿದ್ದು ಕಂಡ ದಿನವೇ ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು, ತಿಂಗಳುಗಟ್ಟಲೆ ಸುಮ್ಮನಿರಬಾರದು.

ಹಾನಿ ನಿಜವಾಗಿಯೂ ಆಗಿದ್ದರೆ ಲೆಕ್ಕವೂ ನ್ಯಾಯವಾಗಿರಬೇಕು. ಹತ್ತು ವರ್ಷ ಬಾಳುವ ಲ್ಯಾಮಿನೇಟ್ ನೆಲಕ್ಕೆ 80,000 ರೂಪಾಯಿ ಬಿದ್ದಿತ್ತು, ಏಳು ವರ್ಷ ಸವೆದಿತ್ತು ಎಂದಿಟ್ಟುಕೊಂಡರೆ ಉಳಿದ ಬೆಲೆ 24,000. ಇಡೀ ನೆಲ ಕೆಟ್ಟರೂ ಕೇಳಬೇಕಾದದ್ದು ಅಷ್ಟನ್ನೇ, ಹೊಸ ನೆಲದ ಬೆಲೆಯನ್ನಲ್ಲ.

ಮಾಲೀಕರ ಭಯವನ್ನೂ ತಳ್ಳಿಹಾಕುವಂತಿಲ್ಲ. ಕೆ.ಆರ್. ಪುರದಲ್ಲೋ ಇಂದಿರಾನಗರದಲ್ಲೋ ಬ್ಯಾಂಕ್ ಸಾಲ ಮಾಡಿ ಫ್ಲ್ಯಾಟು ಕೊಂಡು, ಬಾಡಿಗೆಯಿಂದ ಕಂತು ಕಟ್ಟುತ್ತಿರುವವರು ಎಷ್ಟೋ ಮಂದಿ. ಅವರಿಗೂ ಈ ಒಂದು ಹಾಳೆ ಕಾಗದ ಅಷ್ಟೇ ಉಪಯುಕ್ತ. ಬಚ್ಚಲಿನ ಸೋರಿಕೆಯನ್ನು ಅದು ಮೊದಲ ಮಳೆಗಾಲದಲ್ಲಿಯೇ ತೋರಿಸಿಕೊಡುತ್ತದೆ. ಅದು ಗೊತ್ತಾಗದೆ ಪ್ರತಿ ವರ್ಷ ಹೊಸ ಬಾಡಿಗೆದಾರರ ಅಡ್ವಾನ್ಸಿನಿಂದ ಹಲಗೆ ಬದಲಿಸುತ್ತ ಹೋದರೆ, ಪೈಪು ಸೋರುತ್ತಲೇ ಇರುತ್ತದೆ, ಹೊಸ ಹಲಗೆಯೂ ಮರುವರ್ಷ ದೋಣಿಯಾಗುತ್ತದೆ.